ಹೆದ್ದಾರಿ ಪಕ್ಕದ ದೊಡ್ಡ ಮೇಜು

ಕಳೆದ ಬೇಸಿಗೆಯಲ್ಲಿ ಅಪ್ಪ ಅಮ್ಮ ಅಮೆರಿಕಕ್ಕೆ ಬಂದು ಹೋದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮೊಣಕಾಲು ನೋವಿನ ಅಮ್ಮ, ನಿಧಾನವಾಗಿ ಉಣ್ಣುವ ಅಪ್ಪ, ಹದಿಹರೆಯದ ಮಗ, ಎತ್ತರದ ಕುರ್ಚಿಯಲ್ಲಿ ಕೂರಿಸಬೇಕಾದ ತಂಗಿಯ ಮಗು, ನಡುವೆ ದುಡಿಯುವ ವಯಸ್ಸಿನ ನಾವು. ಇಷ್ಟು ಜನ ಒಂದೇ ಮೇಜಿನ ಸುತ್ತ ಒಂದೂವರೆ ಗಂಟೆ ಕುಳಿತು, ಯಾರೂ ಅವಸರಪಡಿಸದೆ, ಬಿಲ್ಲು ನೋಡಿ ಎದೆ ಧಸಕ್ಕೆನ್ನದೆ ಊಟ ಮುಗಿಸಿ ಬರಬಹುದಾದ ಜಾಗ ಎಲ್ಲಿದೆ? ಫೋನಿನಲ್ಲಿ ಹುಡುಕಿದರೆ ಹೆಸರುಗಳಿಗೇನೂ ಬರವಿಲ್ಲ. ಕೌಂಟರಿನ ಮುಂದೆ ನಿಂತು ಬಟ್ಟಲು ತುಂಬಿಸಿಕೊಳ್ಳುವ ಜಾಗಗಳಿವೆ, ಎತ್ತರದ ಸ್ಟೂಲುಗಳ ಮೇಲೆ ಕೂತು ಬೇಗ ಎದ್ದು ಹೋಗುವ ಜಾಗಗಳಿವೆ, ಕಾರಿನ ಕಿಟಕಿಯಿಂದಲೇ ಪೊಟ್ಟಣ ಪಡೆಯುವ ಜಾಗಗಳಿವೆ, ಇಬ್ಬರಿಗೆಂದೇ ಹೇಳಿಮಾಡಿಸಿದಂಥ ಮಂದ ಬೆಳಕಿನ ದುಬಾರಿ ಜಾಗಗಳೂ ಇವೆ. ಮೂರು ತಲೆಮಾರಿನವರು ಒಟ್ಟಿಗೆ ಕೂರುವ ಜಾಗವನ್ನು ಮಾತ್ರ ಶೋಧಿಸಿ ತೆಗೆಯಬೇಕಾಗಿದೆ. ಒಂದು ಕಾಲಕ್ಕೆ ಈ ದೇಶದ ಹೆದ್ದಾರಿಗಳ ತಿರುವು ತಿರುವಿನಲ್ಲೂ ಅಂಥದೊಂದು ಇರುತ್ತಿತ್ತು.

ಅಪ್ಪ ಅಮ್ಮ ಬಂದಿದ್ದಾಗ ಒಂದು ಸಂಜೆ ನಾವು ಕೊನೆಗೆ ಹೋದದ್ದು ಅಂಥ ಹಳೆಯ ಸರಣಿ ರೆಸ್ಟೋರೆಂಟೊಂದಕ್ಕೇ, ಅಂದರೆ ಒಂದೇ ಹೆಸರಿನಲ್ಲಿ ಊರೂರಲ್ಲಿ ಶಾಖೆಗಳಿರುವಂಥದ್ದಕ್ಕೆ. ಒಳಗೆ ಅರ್ಧ ಸಭಾಂಗಣದ ದೀಪಗಳನ್ನು ಆರಿಸಿ, ಅತ್ತ ಯಾರೂ ಹೋಗದಂತೆ ಕುರ್ಚಿಗಳನ್ನು ಅಡ್ಡ ಇಟ್ಟಿದ್ದರು. ಬೆಳಕಿದ್ದ ಅರ್ಧದಲ್ಲೂ ಮೇಜುಗಳು ಖಾಲಿಯಿದ್ದವು, ಆದರೂ ಬಾಗಿಲಲ್ಲಿ ನಿಂತಿದ್ದ ಹುಡುಗಿ ಇಪ್ಪತ್ತು ನಿಮಿಷ ಕಾಯಬೇಕೆಂದಳು, ಏಕೆಂದರೆ ಬಡಿಸುವವರು ಇಬ್ಬರೇ ಇದ್ದರು. ಅಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಒಳಗಿನ ಖಾಲಿ ಮೇಜುಗಳನ್ನೂ ನನ್ನ ಮುಖವನ್ನೂ ನೋಡಿದರು, ಏನೂ ಕೇಳಲಿಲ್ಲ. ಒಳಗೆ ಕೂತ ಮೇಲೆ ಮೇಜಿನ ಮೇಲಿದ್ದ ಟ್ಯಾಬ್ಲೆಟ್ಟು ಮಗುವಿಗೆ ಆಟ ತೋರಿಸಿ ಅದಕ್ಕೂ ಹಣ ಕೇಳಿತು. ಅಪ್ಪ ಸೂಪಿನಲ್ಲಿ ಮಾಂಸದ ಸಾರು ಸೇರಿದೆಯೇ ಎಂದು ವಿಚಾರಿಸಿದಾಗ ಬಡಿಸುವ ಹುಡುಗ ಕೇಳಿಕೊಂಡು ಬರುತ್ತೇನೆಂದು ಹೋದವನು ಮತ್ತೆ ಕಂಡದ್ದು ತಟ್ಟೆಗಳೊಂದಿಗೇ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವನು ಓಡುತ್ತಲೇ ಇದ್ದ. ಎಲ್ಲರ ಊಟ ಬಂದ ಮೇಲೆ, ಎಲ್ಲಕ್ಕಿಂತ ಕೊನೆಗೆ, ಮಗುವಿನ ತಟ್ಟೆ ಬಂತು. ಅಷ್ಟು ಹೊತ್ತಿಗೆ ಮಗು ಅತ್ತು ಅತ್ತು ನಿದ್ದೆಹೋಗಿತ್ತು. ಕೆಲವು ತಿಂಗಳ ನಂತರ ಆ ಶಾಖೆ ಮುಚ್ಚಿತು.

ಇಂಥ ಶಾಖೆಗಳು ಮುಚ್ಚಿದಾಗಲೆಲ್ಲ ಪತ್ರಿಕೆಗಳಲ್ಲಿ ಬರುವ ವಿವರಣೆ ಒಂದೇ ಬಗೆಯದು: ಯುವಜನರ ಅಭಿರುಚಿ ಬದಲಾಗಿದೆ, ಅವರಿಗೆ ವೇಗ ಬೇಕು, ತಾಜಾತನ ಬೇಕು, ಹಳೆಯ ಹೆಸರುಗಳು ಬೇಡ. ಈ ವಿವರಣೆಯಲ್ಲಿ ಸತ್ಯಾಂಶ ಇದ್ದರೂ ಅದು ನನಗೆ ಸಾಲುವುದಿಲ್ಲ. ಈ ಸರಣಿಗಳು ಮಾರುತ್ತಿದ್ದದ್ದು ಮುಖ್ಯವಾಗಿ ರುಚಿಯನ್ನಲ್ಲ. ವಯಸ್ಸು, ಹಸಿವು, ಆರೋಗ್ಯ, ಜೇಬು ಎಲ್ಲವೂ ಬೇರೆಬೇರೆಯಾದ ಜನರನ್ನು ಒಂದೇ ಮೇಜಿನಲ್ಲಿ ಕೂರಿಸಿ ಸುಧಾರಿಸುವ ಕೆಲಸವನ್ನು ಅವು ಮಾರುತ್ತಿದ್ದವು. ಆ ಕೆಲಸದ ಬೇಡಿಕೆ ಕಡಿಮೆಯಾದದ್ದು ನಿಜ, ಆದರೆ ಬೇಡಿಕೆ ಕಡಿಮೆಯಾಗುವುದಕ್ಕೂ ಮುಂಚೆಯೇ ಅನೇಕ ಸರಣಿಗಳು ಆ ಕೆಲಸವನ್ನು ಮಾಡುವುದನ್ನೇ ಬಿಟ್ಟಿದ್ದವು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಿತ್ತಳೆ ಬಣ್ಣದ ಛಾವಣಿ

ಇಂಥ ವ್ಯಾಪಾರದ ಮಾದರಿಯನ್ನು ಕಟ್ಟಿದವರಲ್ಲಿ ಮೊದಲಿಗನೆಂದು ಹೇಳಬೇಕಾದವನು ಹೊವಾರ್ಡ್ ಜಾನ್ಸನ್. 1925ರಲ್ಲಿ ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ ಒಂದು ಔಷಧದಂಗಡಿಯನ್ನೂ ಅದರೊಳಗಿನ ಸೋಡಾ ಕೌಂಟರನ್ನೂ ಕೊಂಡ ಆತ, ಹೆಚ್ಚು ಬೆಣ್ಣೆಯಂಶವಿರುವ ಐಸ್‌ಕ್ರೀಮಿನಿಂದ ಹೆಸರು ಮಾಡಿ, ಮುಂದಿನ ದಶಕದಲ್ಲಿ ತನ್ನ ಹೆಸರನ್ನು ಬಳಸುವ ಹಕ್ಕನ್ನು ಬೇರೆಯವರಿಗೆ ಕೊಡಲಾರಂಭಿಸಿದ. ಪೆನ್ಸಿಲ್ವೇನಿಯಾ ಟರ್ನ್‌ಪೈಕ್ 1940ರಲ್ಲಿ ತೆರೆದಾಗ ಆ ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಊಟ ಕೊಡುವ ಹಕ್ಕು ಅವನದಾಯಿತು. 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾನೂನು ಬಂದ ಮೇಲಂತೂ ಲಕ್ಷಾಂತರ ಕುಟುಂಬಗಳು ಹಿಂದೆಂದೂ ನೋಡದ ಊರುಗಳ ಮೂಲಕ ಕಾರು ಓಡಿಸತೊಡಗಿದವು. ಹಿಂದಿನ ಸೀಟಿನಲ್ಲಿ ಹಸಿದ ಮಕ್ಕಳಿರುವಾಗ, ಅಪರಿಚಿತ ಊರಿನ ಅಪರಿಚಿತ ಹೋಟೆಲು ಶುಚಿಯಾಗಿದೆಯೇ, ಮಕ್ಕಳು ತಿನ್ನುವಂಥದ್ದು ಸಿಗುತ್ತದೆಯೇ, ಎಷ್ಟು ಹಣ ಕೀಳುತ್ತಾರೆ ಎಂಬುದನ್ನು ತಿಳಿಯುವ ದಾರಿ ಆಗ ಇರಲಿಲ್ಲ. ದೂರದಿಂದಲೇ ಕಾಣುವ ಕಿತ್ತಳೆ ಬಣ್ಣದ ಛಾವಣಿ ಆ ಮೂರೂ ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರವಾಗಿತ್ತು. ಇಪ್ಪತ್ತೆಂಟು ಬಗೆಯ ಐಸ್‌ಕ್ರೀಮ್ ಎಲ್ಲಿ ನಿಂತರೂ ಅದೇ ಇಪ್ಪತ್ತೆಂಟು ಬಗೆ.

ಎಲ್ಲ ಕಡೆ ಒಂದೇ ಆಗಿರುವುದೆಂದರೆ ಕಳಪೆಯಾಗಿರುವುದು ಎಂದು ಈಗ ನಾವು ಸಲೀಸಾಗಿ ತೀರ್ಮಾನಿಸಿಬಿಡುತ್ತೇವೆ. ಅದು ಹಾಗಿರಬೇಕಾಗಿರಲಿಲ್ಲ. 1960ರಲ್ಲಿ ಈ ಸರಣಿ ಫ್ರಾನ್ಸಿನಿಂದ ಬಂದಿದ್ದ ಬಾಣಸಿಗ ಝಾಕ್ ಪೆಪಾನನ್ನು ತನ್ನ ಕೇಂದ್ರ ಅಡುಗೆಮನೆಗೆ ಕರೆತಂದಿತು, ಅವನು ಶ್ವೇತಭವನದ ಅಡುಗೆಮನೆಯ ಕೆಲಸವನ್ನು ಒಲ್ಲೆನೆಂದು ಇಲ್ಲಿಗೆ ಬಂದ. ಅವನೂ ಅವನ ಹಿರಿಯ ಗೆಳೆಯ ಪಿಯೆರ್ ಫ್ರಾನೆಯೂ ಮಾರ್ಗರಿನ್ ತೆಗೆದು ಬೆಣ್ಣೆ ಹಾಕಿಸಿದರು, ಒಣಗಿಸಿದ ಈರುಳ್ಳಿಯ ಬದಲು ಹಸಿ ಈರುಳ್ಳಿ ತರಿಸಿದರು, ಸಾವಿರಾರು ಜನರಿಗೆ ಒಂದೇ ಹದದಲ್ಲಿ ಅಡುಗೆ ಮಾಡುವುದು ಹೇಗೆಂದು ವರ್ಷಗಟ್ಟಲೆ ಕಲಿತರು. ಉಚ್ಛ್ರಾಯದಲ್ಲಿ ಸುಮಾರು ಸಾವಿರ ಶಾಖೆಗಳಿದ್ದ ಆ ಸರಣಿ 1970ರ ದಶಕದಲ್ಲಿ ವೆಚ್ಚ ಕಡಿತಕ್ಕೆ ಇಳಿಯಿತು, ಆ ದಶಕ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಒಂದು ಕಂಪನಿಯ ಕೈಗೆ ಹೋಯಿತು, 1985ರಲ್ಲಿ ಮ್ಯಾರಿಯಟ್ ಕಂಪನಿ ಅದನ್ನು ಕೊಂಡು ಅನೇಕ ರೆಸ್ಟೋರೆಂಟುಗಳನ್ನು ಬೇರೆ ಹೆಸರುಗಳಿಗೆ ಬದಲಿಸಿತು. ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಎಂಬಲ್ಲಿ ಉಳಿದಿದ್ದ ಕಡೆಯ ರೆಸ್ಟೋರೆಂಟು 2022ರಲ್ಲಿ ಮುಚ್ಚಿತು. ಬೆಣ್ಣೆಯಿಂದ ಆರಂಭವಾಗಿ, ವೆಚ್ಚ ಕಡಿತಕ್ಕೆ ತಿರುಗಿ, ಕೊನೆಗೆ ಜಾಗದ ಬೆಲೆಗಷ್ಟೇ ಮಾರಾಟವಾಗುವ ಈ ಕ್ರಮ ಮುಂದೆ ಎಷ್ಟೋ ಹೆಸರುಗಳ ಪಾಲಿಗೆ ಬಂತು.

ಆ ಮೇಜಿಗೆ ಯಾರೆಲ್ಲ ಬರಬಹುದಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಇದು ಬರೀ ಹಳಹಳಿಕೆಯಾಗುತ್ತದೆ. 1957ರಲ್ಲಿ ಘಾನಾ ದೇಶದ ಹಣಕಾಸು ಸಚಿವ ಕೊಮ್ಲಾ ಗ್ಬೆಡೆಮಾ ಡೆಲವೇರ್ ರಾಜ್ಯದ ಡೋವರ್‌ನಲ್ಲಿ ಇದೇ ಹೊವಾರ್ಡ್ ಜಾನ್ಸನ್ಸ್‌ಗೆ ಹೋಗಿ ಕಿತ್ತಳೆ ರಸ ಕೇಳಿದಾಗ, ಕಪ್ಪು ವರ್ಣೀಯರು ಒಳಗೆ ಕೂತು ಕುಡಿಯುವಂತಿಲ್ಲ ಎಂಬ ಉತ್ತರ ಸಿಕ್ಕಿತು. ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಶ್ವೇತಭವನಕ್ಕೆ ಕರೆಸಿ ಉಪಾಹಾರ ನೀಡಿ ಸಮಾಧಾನಪಡಿಸಬೇಕಾಯಿತು. ಡೆನ್ನೀಸ್ ಸರಣಿ ಕಪ್ಪು ವರ್ಣೀಯ ಗ್ರಾಹಕರೊಂದಿಗೆ ಭೇದಭಾವ ಮಾಡಿದ ಮೊಕದ್ದಮೆಗಳಲ್ಲಿ 1994ರಲ್ಲಿ 5.4 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಯಾವ ಅಪರಿಚಿತನಿಗೂ ಇಲ್ಲಿ ಜಾಗವಿದೆ ಎಂಬ ಭರವಸೆಯೇ ಈ ವ್ಯಾಪಾರದ ಬಂಡವಾಳವಾಗಿದ್ದರಿಂದ, ಆ ಭರವಸೆ ಮುರಿದ ಪ್ರತಿ ಬಾಗಿಲೂ ಒಂದೊಂದು ತಲೆಮಾರಿನ ನಂಬಿಕೆಯನ್ನು ಕಳೆದುಕೊಂಡಿತು. ನನ್ನಂಥ ಕಂದು ಬಣ್ಣದ ವಲಸಿಗ ಯಾವ ಅಳುಕೂ ಇಲ್ಲದೆ ಒಳಗೆ ಹೋಗಿ ಕೂರುವಂತಾಗಿದ್ದರೆ, ಅದರ ಹಿಂದೆ ಆ ಬಾಗಿಲುಗಳ ಮುಂದೆ ಧರಣಿ ಕೂತವರ ಶ್ರಮವಿದೆ.

ಛಾವಣಿಯ ಕೆಲಸವನ್ನು ಫೋನು ಕಿತ್ತುಕೊಂಡಿತು

ಅಪರಿಚಿತ ಊರಿನಲ್ಲಿ ಏನು ತಿನ್ನಬಹುದೆಂಬ ಪ್ರಶ್ನೆಗೆ ಈಗ ಛಾವಣಿ ಉತ್ತರಿಸಬೇಕಾಗಿಲ್ಲ. ಹಾರ್ವರ್ಡ್‌ನ ಮೈಕಲ್ ಲುಕಾ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದ ರೆಸ್ಟೋರೆಂಟುಗಳ ಆದಾಯವನ್ನೂ ಯೆಲ್ಪ್ ಎಂಬ ಗ್ರಾಹಕ ವಿಮರ್ಶೆಯ ತಾಣದಲ್ಲಿ ಅವುಗಳಿಗೆ ಸಿಕ್ಕ ನಕ್ಷತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಒಂದು ನಕ್ಷತ್ರ ಹೆಚ್ಚಾದರೆ ಆದಾಯ ಶೇಕಡ 5ರಿಂದ 9ರಷ್ಟು ಏರುತ್ತಿತ್ತು. ಆದರೆ ಆ ಏರಿಕೆ ಕಂಡದ್ದು ಸ್ವತಂತ್ರ ರೆಸ್ಟೋರೆಂಟುಗಳಲ್ಲಿ ಮಾತ್ರ, ಸರಣಿಗಳಲ್ಲಿ ಅಲ್ಲ. ಯೆಲ್ಪ್ ಬಳಕೆ ಹೆಚ್ಚಿದಂತೆಲ್ಲ ಸರಣಿಗಳ ಮಾರುಕಟ್ಟೆಯ ಪಾಲು ಕುಗ್ಗುತ್ತಿತ್ತು. ಒಂದು ಹೆಸರನ್ನು ನಂಬುವುದಕ್ಕೆ ಬದಲಾಗಿ ನೂರು ಅಪರಿಚಿತರ ಅನುಭವವನ್ನು ನಂಬಲು ಸಾಧ್ಯವಾದಾಗ, ಹೆಸರಿನ ಅರ್ಧ ಬೆಲೆ ಅಲ್ಲಿಗೇ ಹೋಯಿತು.

ಮನೆಗಳೂ ಚಿಕ್ಕವಾಗಿವೆ. 1960ರಲ್ಲಿ ಅಮೆರಿಕದ ಒಂದು ಮನೆಯಲ್ಲಿ ಸರಾಸರಿ 3.33 ಜನರಿದ್ದರು, ಈಗ ಆ ಸಂಖ್ಯೆ ಸುಮಾರು 2.5. ಒಬ್ಬರೇ ವಾಸಿಸುವ ಮನೆಗಳ ಪ್ರಮಾಣ ಆಗ ಶೇಕಡ 13ರಷ್ಟಿತ್ತು, ಈಗ ನಾಲ್ಕನೇ ಒಂದು ಭಾಗವನ್ನೂ ಮೀರಿದೆ. ಆರು ಜನರಿಗೆಂದು ವಿನ್ಯಾಸಗೊಂಡ ಸೋಫಾ ಬೆಂಚುಗಳಲ್ಲಿ ಇಬ್ಬರು ಕೂರುವಾಗ ಬಾಡಿಗೆಯ ಲೆಕ್ಕ ಸರಿಹೋಗುವುದಿಲ್ಲ. ಇದಕ್ಕೆ ಮನೆಗೇ ಊಟ ತಂದುಕೊಡುವ ಸೇವೆಗಳನ್ನು ಸೇರಿಸಿ. ಬಿಸಿಯಾಗಿ ಮೇಜಿಗೆ ಬರಲೆಂದು ರೂಪಿಸಿದ ಊಟವನ್ನು ಪೆಟ್ಟಿಗೆಯೊಳಗೆ ಅರ್ಧ ಗಂಟೆ ಕಾರಿನಲ್ಲಿ ಕೂರಿಸಿದರೆ ಅದರಲ್ಲಿ ಉಳಿಯುವುದು ಅದರ ದೌರ್ಬಲ್ಯವಷ್ಟೇ. ಚಿಪಾಟ್ಲೆಯಂಥ ಹೊಸ ಬಗೆಯ ಸರಣಿಗಳು ಮೊದಲಿನಿಂದಲೂ ಪೊಟ್ಟಣಕ್ಕೆ ಒಗ್ಗುವ ಊಟವನ್ನೇ ಕಟ್ಟಿದ್ದರಿಂದ ಅವುಗಳಿಗೆ ಈ ತೊಂದರೆ ಇರಲಿಲ್ಲ.

ಇವೆಲ್ಲ ಹೊರಗಿನ ಕಾರಣಗಳು, ಮತ್ತು ಇವು ನಿಜವೇ. ಆದರೆ ಫೋನು ಕಿತ್ತುಕೊಂಡದ್ದು ಮಾಹಿತಿ ಕೊಡುವ ಕೆಲಸವನ್ನು ಮಾತ್ರ. ಮೊಣಕಾಲು ನೋಯುವವರಿಗೆ ಹತ್ತಿರದ ಮೇಜು ಹುಡುಕಿಕೊಡುವುದು, ಮಗುವಿನ ತಟ್ಟೆಯನ್ನು ಮೊದಲು ತರುವುದು, ಒಂದೇ ಪಾಕಪಟ್ಟಿಯಿಂದ ಐದು ಬಗೆಯ ಹಸಿವನ್ನು ತಣಿಸುವುದು, ಇವನ್ನು ಯಾವ ನಕ್ಷತ್ರವೂ ಮಾಡಿಕೊಡುವುದಿಲ್ಲ. ಆ ಕೆಲಸ ಇನ್ನೂ ಈ ಸರಣಿಗಳ ಕೈಯಲ್ಲೇ ಇತ್ತು.

ಕಾಫಿ ಕೆಟಲಿನ ಹೆಂಗಸು

ಆ ಕೆಲಸವನ್ನು ಚೆನ್ನಾಗಿ ಮಾಡುವುದೆಂದರೆ ಏನೆಂದು ನಾನು ಕಂಡದ್ದು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ. ಮಗ ಆಗ ಕೈಕೂಸು. ಹಿಂದಿನ ರಾತ್ರಿಯ ಹಿಮ ಇನ್ನೂ ರಸ್ತೆಯಲ್ಲಿದ್ದ ಒಂದು ಬೆಳಗ್ಗೆ, ಬೇರೆ ಊರಿಗೆ ಹೊರಟಿದ್ದ ನಾವು ಹೆದ್ದಾರಿ ಬಿಟ್ಟು ಒಂದು ಸರಣಿ ರೆಸ್ಟೋರೆಂಟಿನಲ್ಲಿ ನಿಂತೆವು. ಅರವತ್ತು ದಾಟಿದ ಹೆಂಗಸೊಬ್ಬರು ಕೈಯಲ್ಲಿ ಕಾಫಿ ಕೆಟಲು ಹಿಡಿದು ಬಂದರು, ನಮ್ಮ ಮೂವರನ್ನು ಒಂದು ಸಲ ನೋಡಿದರು, ಏನು ಬೇಕೆಂದು ಕೇಳುವ ಮೊದಲೇ ಹೋಗಿ ಒಂದು ಚಿಕ್ಕ ಬಟ್ಟಲಿನಲ್ಲಿ ಬಾಳೆಹಣ್ಣಿನ ಹೋಳುಗಳನ್ನು ತಂದು ಮಗುವಿನ ಮುಂದಿಟ್ಟರು. "ಇವನ ಹೊಟ್ಟೆ ತಣ್ಣಗಾದರೆ ನೀವಿಬ್ಬರೂ ನೆಮ್ಮದಿಯಾಗಿ ತಿನ್ನಬಹುದು" ಎಂದರು. ನಮಗೆ ಮಾಂಸ ಬೇಡವೆಂದು ತಿಳಿದಾಗ ಯಾವ ಪದಾರ್ಥವನ್ನು ಬೇರೆ ಕಾವಲಿಯ ಮೇಲೆ ಮಾಡುತ್ತಾರೆ, ಯಾವುದನ್ನು ಬೇಕನ್ ಹುರಿದ ಕಾವಲಿಯ ಮೇಲೆಯೇ ಮಾಡುತ್ತಾರೆ ಎಂಬುದನ್ನು ಅಡುಗೆಮನೆಗೆ ಹೋಗಿ ಕೇಳದೆ ಹೇಳಿದರು, ಅವರಿಗೆ ಅದು ಗೊತ್ತಿತ್ತು.

ನಮ್ಮ ಪಕ್ಕದ ದೊಡ್ಡ ಮೇಜಿನಲ್ಲಿ ನಿವೃತ್ತರ ಒಂದು ಗುಂಪು ಕೂತಿತ್ತು. ಆಕೆ ಅವರಲ್ಲಿ ಒಬ್ಬರ ಬಲಗಿವಿಯ ಕಡೆಗೆ ಬಾಗಿ ಮಾತಾಡುತ್ತಿದ್ದರು, ಎಡಗಿವಿ ಕೇಳಿಸುವುದಿಲ್ಲವೆಂಬುದು ಆಕೆಗೆ ನೆನಪಿತ್ತು. ಇನ್ನೊಬ್ಬರ ಟೋಸ್ಟಿನ ಜೊತೆ ಸಕ್ಕರೆಯಿಲ್ಲದ ಜಾಮು ತಾನಾಗಿ ಬಂತು. ಏಳು ಜನಕ್ಕೂ ಬೇರೆಬೇರೆ ಬಿಲ್ಲು, ಗೊಣಗಾಟವಿಲ್ಲದೆ. ಆ ಕೌಶಲವನ್ನು ಮುಂದೆ ನಾನು ಎಷ್ಟೋ ದುಬಾರಿ ಜಾಗಗಳಲ್ಲೂ ಕಂಡಿಲ್ಲ. ಅದು ಬರೀ ಒಳ್ಳೆಯ ಮನಸ್ಸಿನಿಂದ ಬರುವಂಥದ್ದಲ್ಲ, ಅದಕ್ಕೆ ಕಾಲ ಬೇಕು. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಉಳಿಯಲು ಸಾಧ್ಯವಾಗಬೇಕು, ಮತ್ತು ಒಬ್ಬರ ಪಾಲಿಗೆ ನಾಲ್ಕೈದು ಮೇಜುಗಳಷ್ಟೇ ಇರಬೇಕು. ಎಂಟು ಹತ್ತು ಮೇಜುಗಳನ್ನು ಹೊರಿಸಿದ ದಿನ ಆ ಹೆಂಗಸಿಗೂ ಎಡಗಿವಿ ಬಲಗಿವಿ ನೆನಪಿಡಲು ಆಗುವುದಿಲ್ಲ.

ಟಿಪ್ಸ್ ಪಡೆಯುವ ನೌಕರರಿಗೆ ಅಮೆರಿಕದ ಒಕ್ಕೂಟ ಸರ್ಕಾರ ನಿಗದಿಪಡಿಸಿರುವ ಕನಿಷ್ಠ ವೇತನ ಗಂಟೆಗೆ 2.13 ಡಾಲರ್, ಅದು 1991ರಿಂದ ಒಂದು ಸೆಂಟೂ ಏರಿಲ್ಲ. ಕೆಲವು ರಾಜ್ಯಗಳು ತಾವಾಗಿ ಹೆಚ್ಚು ಕೊಡಿಸುತ್ತವೆ, ಅನೇಕ ರಾಜ್ಯಗಳಲ್ಲಿ ಇದೇ ಅಥವಾ ಇದಕ್ಕಿಂತ ಸ್ವಲ್ಪವೇ ಹೆಚ್ಚು. ಉಳಿದದ್ದೆಲ್ಲ ಗ್ರಾಹಕರು ಬಿಡುವ ಹಣ, ಅದು ಬಿಲ್ಲಿನ ಮೊತ್ತಕ್ಕೆ ತಕ್ಕಂತೆ ಬರುವಂಥದ್ದು. ಹತ್ತು ಡಾಲರಿನ ಉಪಾಹಾರದ ಮೇಜಿಗೆ ನಡೆಯುವ ನಡೆಯೂ ಎಂಬತ್ತು ಡಾಲರಿನ ಮಾಂಸದೂಟದ ಮೇಜಿಗೆ ನಡೆಯುವ ನಡೆಯೂ ಒಂದೇ. ಹೀಗಿರುವಾಗ ಅನುಭವಿಗಳು ಬಿಟ್ಟುಹೋಗಿ ಹೊಸಬರು ಬರುವುದು, ಅವರೂ ಉಳಿಯದಿರುವುದು ಸಹಜ. ಹಿರಿಯರೂ ಮಕ್ಕಳೂ ಬರುವ ರೆಸ್ಟೋರೆಂಟಿಗೆ ಎಲ್ಲರಿಗಿಂತ ಹೆಚ್ಚು ನುರಿತ ಬಡಿಸುವವರು ಬೇಕು, ಆದರೆ ಅಲ್ಲಿಯೇ ಎಲ್ಲಕ್ಕಿಂತ ಕಡಿಮೆ ಸಂಪಾದನೆ. ಆ ಸಂಜೆ ನಾವು ಕಂಡ ಕೊರತೆಗಳ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ.

ನೆಲ ಮಾರಿದ ಮೇಲೆ

ಮೀನು, ಸೀಗಡಿಯಂಥ ಕಡಲ ಊಟದ ಸರಣಿ ರೆಡ್ ಲಾಬ್‌ಸ್ಟರ್ 2024ರ ಮೇ ತಿಂಗಳಲ್ಲಿ ದಿವಾಳಿ ರಕ್ಷಣೆ ಕೋರಿದಾಗ ಜಗತ್ತಿನಾದ್ಯಂತ ಹರಡಿದ ಕತೆ ಸೀಗಡಿಯದು. ಇಪ್ಪತ್ತು ಡಾಲರಿಗೆ ಬೇಕಾದಷ್ಟು ಸೀಗಡಿ ಎಂಬ ಕೊಡುಗೆಯನ್ನು ಹಿಂದಿನ ವರ್ಷ ಕಾಯಂ ಮಾಡಿದ್ದರಿಂದ ಕಂಪನಿ 1.1 ಕೋಟಿ ಡಾಲರ್ ಕಳೆದುಕೊಂಡಿತ್ತು. ಹೊಟ್ಟೆಬಾಕ ಗ್ರಾಹಕರು ಕಂಪನಿಯನ್ನೇ ತಿಂದು ಮುಗಿಸಿದರು ಎಂಬ ಧಾಟಿಯಲ್ಲಿ ಜನ ಅದನ್ನು ಹಂಚಿಕೊಂಡರು. ನ್ಯಾಯಾಲಯಕ್ಕೆ ಸಲ್ಲಿಸಿದ ಕಾಗದಗಳಲ್ಲಿ ಇನ್ನೊಂದು ಅಂಕಿಯೂ ಇತ್ತು. 2023ರಲ್ಲಿ ಆ ಕಂಪನಿಯ ಬಾಡಿಗೆಯ ಹೊರೆ 19 ಕೋಟಿ ಡಾಲರನ್ನು ಮುಟ್ಟಿತ್ತು. ಸೀಗಡಿಯ ನಷ್ಟಕ್ಕಿಂತ ಹದಿನೇಳು ಪಟ್ಟು ದೊಡ್ಡದಾದ ಈ ಅಂಕಿಯನ್ನು ಯಾರೂ ಹಂಚಿಕೊಳ್ಳಲಿಲ್ಲ.

ಬಾಡಿಗೆ ಅಷ್ಟೊಂದು ಆದದ್ದು ಹೇಗೆಂಬುದನ್ನು ತಿಳಿಯಲು ಹತ್ತು ವರ್ಷ ಹಿಂದೆ ಹೋಗಬೇಕು. 1968ರಲ್ಲಿ ಫ್ಲಾರಿಡಾದಲ್ಲಿ ಬಿಲ್ ಡಾರ್ಡನ್ ಆರಂಭಿಸಿದ ಈ ಸರಣಿಯನ್ನು, ಅವನದೇ ಹೆಸರು ಹೊತ್ತ ಮಾತೃಸಂಸ್ಥೆ 2014ರಲ್ಲಿ ಗೋಲ್ಡನ್ ಗೇಟ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಗೆ 210 ಕೋಟಿ ಡಾಲರಿಗೆ ಮಾರಿತು. ಕೊಂಡವರು ಆ ಹಣದ ಬಹುಪಾಲನ್ನು ಹೊಂದಿಸಿದ್ದು ಹೀಗೆ: ಸುಮಾರು 500 ರೆಸ್ಟೋರೆಂಟುಗಳು ನಿಂತಿದ್ದ ನೆಲವನ್ನೂ ಕಟ್ಟಡಗಳನ್ನೂ ಇನ್ನೊಂದು ಸಂಸ್ಥೆಗೆ 150 ಕೋಟಿ ಡಾಲರಿಗೆ ಮಾರಿ, ಅದೇ ಕಟ್ಟಡಗಳನ್ನು ದೀರ್ಘಾವಧಿಯ ಗುತ್ತಿಗೆಗೆ ಮರಳಿ ಪಡೆದರು. ಅಂದಿನವರೆಗೆ ಸ್ವಂತ ಮನೆಯಲ್ಲಿದ್ದ ಸರಣಿ ಮಾರನೆಯ ದಿನದಿಂದ ತನ್ನದೇ ಮನೆಗೆ ಬಾಡಿಗೆ ಕೊಡುವಂತಾಯಿತು, ಮತ್ತು ಆ ಬಾಡಿಗೆ ವರ್ಷ ವರ್ಷ ಏರುವಂತೆ ಕರಾರಿತ್ತು. ಗ್ರಾಹಕರು ಕಡಿಮೆಯಾದ ಮಂಗಳವಾರ ಅಡುಗೆಮನೆಯ ಖರ್ಚು ತಗ್ಗಿಸಬಹುದು, ಬಡಿಸುವವರಲ್ಲಿ ಒಬ್ಬರನ್ನು ಮನೆಗೆ ಕಳಿಸಬಹುದು, ದೀಪ ಆರಿಸಬಹುದು, ಬಾಡಿಗೆಯನ್ನು ಮಾತ್ರ ತಗ್ಗಿಸಲಾಗುವುದಿಲ್ಲ. ತಗ್ಗಿಸಲಾಗುವಂಥದ್ದೆಲ್ಲವೂ ಮೇಜಿಗೆ ಸೇರಿದ್ದು, ತಗ್ಗಿಸಲಾಗದ್ದು ಕಟ್ಟಡದ ಮಾಲೀಕನಿಗೆ ಸೇರಿದ್ದು. ಒಂದು ರೆಸ್ಟೋರೆಂಟು ಒಳಗಿನಿಂದ ಬರಿದಾಗುವ ಬಗೆ ಇದು.

ಆದರೂ ನೆಲ ಮಾರಿದ್ದೊಂದೇ ಕಾರಣವೆಂದು ನಾನು ಹೇಳಲಾರೆ, ಏಕೆಂದರೆ ಅದೇ ಮಾತೃಸಂಸ್ಥೆಯ ಇನ್ನೊಂದು ಸರಣಿ ಆಲಿವ್ ಗಾರ್ಡನ್ ಬೇರೆ ದಾರಿ ಹಿಡಿಯಿತು. 2014ರಲ್ಲಿಯೇ ಸ್ಟಾರ್‌ಬೋರ್ಡ್ ವ್ಯಾಲ್ಯೂ ಎಂಬ ಹೂಡಿಕೆ ಸಂಸ್ಥೆ ಆ ಮಾತೃಸಂಸ್ಥೆಯ ಆಡಳಿತವನ್ನು ಟೀಕಿಸಿ ಸುಮಾರು 300 ಪುಟಗಳ ವರದಿಯೊಂದನ್ನು ಹೊರತಂದಿತು. ಅದರಲ್ಲಿ ಎಲ್ಲರ ಗಮನ ಸೆಳೆದದ್ದು ಉಪ್ಪಿನ ವಿಷಯ. ಪಾಸ್ತಾ ಬೇಯಿಸುವ ನೀರಿಗೆ ಉಪ್ಪು ಹಾಕುವುದನ್ನು ಆಲಿವ್ ಗಾರ್ಡನ್ ನಿಲ್ಲಿಸಿತ್ತು, ಉಪ್ಪು ಹಾಕದಿದ್ದರೆ ಪಾತ್ರೆಗಳಿಗೆ ಹೆಚ್ಚು ಕಾಲದ ವಾರಂಟಿ ಸಿಗುತ್ತದೆಂಬ ಕಾರಣಕ್ಕೆ. ಇದನ್ನು ಓದಿದಾಗ ನನಗೆ ನಗು ಬರಲಿಲ್ಲ, ದುಃಖವಾಯಿತು. ಊಟಕ್ಕಾಗಿ ಪಾತ್ರೆಯೋ ಪಾತ್ರೆಗಾಗಿ ಊಟವೋ ಎಂಬ ವಿವೇಚನೆ ಒಂದು ದೊಡ್ಡ ಸಂಸ್ಥೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಳೆದುಹೋಗಿತ್ತು. ಪ್ರತಿ ಮೆಟ್ಟಿಲಿನಲ್ಲೂ ಯಾರೋ ಒಬ್ಬರು ತಮ್ಮ ಪಾಲಿನ ಉಳಿತಾಯವನ್ನು ಪ್ರಾಮಾಣಿಕವಾಗಿಯೇ ಮಾಡಿದ್ದಿರಬೇಕು. ಆ ವರ್ಷವೇ ಮಾತೃಸಂಸ್ಥೆಯ ಆಡಳಿತ ಮಂಡಳಿ ಪೂರ್ತಿ ಬದಲಾಯಿತು. ಉಪ್ಪನ್ನು ಗುರುತಿಸಿದ ಅದೇ ಹೂಡಿಕೆದಾರರ ಒತ್ತಾಯದಿಂದ 2015ರಲ್ಲಿ ಆ ಸಂಸ್ಥೆಯ 400ಕ್ಕೂ ಹೆಚ್ಚು ಆಸ್ತಿಗಳನ್ನು ಬೇರೊಂದು ಕಂಪನಿಯಾಗಿ ಬೇರ್ಪಡಿಸಿ ಗುತ್ತಿಗೆಗೆ ಪಡೆದದ್ದೂ ನಡೆಯಿತು. ಅಂದರೆ ಆಲಿವ್ ಗಾರ್ಡನ್ ಕೂಡ ಈಗ ಅನೇಕ ಕಡೆ ಬಾಡಿಗೆದಾರನೇ. ಆದರೂ ಅದು ಉಳಿದಿದೆ, ಊಟದ ಹೊತ್ತಿನಲ್ಲಿ ಹೋದರೆ ಇಂದಿಗೂ ಅಲ್ಲಿ ದೊಡ್ಡ ಕುಟುಂಬಗಳು ಕಾಣುತ್ತವೆ. ತಟ್ಟೆಯ ಮೇಲಿನ ಗಮನ ಮರಳಿದ್ದರಿಂದ ಅದು ಬಾಡಿಗೆಯನ್ನು ಹೊರಬಲ್ಲದಾಯಿತು ಎಂದು ನಾನು ತಿಳಿಯುತ್ತೇನೆ.

ಫ್ರೆಂಡ್ಲೀಸ್ 2011ರಲ್ಲೂ 2020ರಲ್ಲೂ, ಟಿಜಿಐ ಫ್ರೈಡೇಸ್ 2024ರಲ್ಲಿ ದಿವಾಳಿ ರಕ್ಷಣೆ ಕೋರಿದವು. ಅವುಗಳ ಒಂದೊಂದರ ಕತೆಯನ್ನೂ ಇಲ್ಲಿ ಬಿಡಿಸುವುದಿಲ್ಲ, ಮಾಲೀಕರ ಕೈ ಮತ್ತೆ ಮತ್ತೆ ಬದಲಾದದ್ದು ಅವುಗಳಲ್ಲೂ ಉಂಟು.

ಲಾಂಛನ ಮತ್ತು ಊಟ

2025ರ ಆಗಸ್ಟಿನಲ್ಲಿ ಕ್ರ್ಯಾಕರ್ ಬ್ಯಾರೆಲ್ ಸರಣಿ ತನ್ನ ಲಾಂಛನದಿಂದ ಪೀಪಾಯಿಗೆ ಒರಗಿ ಕೂತ ಮುದುಕನ ಚಿತ್ರವನ್ನು ತೆಗೆದುಹಾಕಿದಾಗ ಎದ್ದ ಗದ್ದಲ ಅನೇಕರಿಗೆ ನೆನಪಿರಬಹುದು. ಷೇರಿನ ಬೆಲೆ ಕುಸಿಯಿತು, ರಾಜಕಾರಣಿಗಳು ಮಾತಾಡಿದರು, ವಾರ ಕಳೆಯುವಷ್ಟರಲ್ಲಿ ಹಳೆಯ ಲಾಂಛನ ಮರಳಿತು, ಮುಂದಿನ ತಿಂಗಳು ಒಳಾಂಗಣದ ನವೀಕರಣವೂ ನಿಂತಿತು. 1969ರಲ್ಲಿ ಟೆನೆಸಿಯ ಲೆಬನಾನ್ ಎಂಬಲ್ಲಿ ಹೆದ್ದಾರಿ ಪ್ರಯಾಣಿಕರಿಗಾಗಿಯೇ ಹುಟ್ಟಿದ ಈ ಸರಣಿಯ ಬಗ್ಗೆ ಅಷ್ಟು ಜನರಿಗೆ ಅಷ್ಟೊಂದು ಭಾವನೆ ಉಳಿದಿದೆಯೆಂಬುದು ನನಗೆ ಮುಖ್ಯವಾಗಿ ಕಂಡಿತು. ಆದರೆ ಲಾಂಛನಕ್ಕಾಗಿ ಸಿಟ್ಟಾದವರಲ್ಲಿ ಎಷ್ಟು ಜನ ಹಿಂದಿನ ಒಂದು ವರ್ಷದಲ್ಲಿ ಅಲ್ಲಿ ಊಟ ಮಾಡಿದ್ದರು ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಪ್ರೀತಿಯ ನೆನಪು ರೆಸ್ಟೋರೆಂಟಿನ ಬಾಡಿಗೆ ಕಟ್ಟುವುದಿಲ್ಲ. ಹಳೆಯ ಚಿತ್ರ ಉಳಿಸಿಕೊಳ್ಳಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಇಲ್ಲಿ ಬಿಸ್ಕತ್ತು ಎಂದು ಕರೆಯುವ ಮೆತ್ತನೆಯ ಬನ್ನು ಬಿಸಿಯಾಗಿ ಬರುತ್ತಿದೆಯೇ, ಬಡಿಸುವವರು ಸಾಕಷ್ಟಿದ್ದಾರೆಯೇ ಎಂಬ ಮಾತು ಪೂರ್ತಿ ಮರೆಯಾಯಿತು.

ಆ ಮಾತನ್ನು ಮರೆಯದವರು ಚೇತರಿಸಿಕೊಂಡಿದ್ದಾರೆ. 1975ರಲ್ಲಿ ಡಲ್ಲಾಸ್‌ನಲ್ಲಿ ಆರಂಭವಾದ ಚಿಲೀಸ್ ಸರಣಿಯ ಮಾತೃಸಂಸ್ಥೆಗೆ 2022ರಲ್ಲಿ ಮುಖ್ಯಸ್ಥರಾಗಿ ಬಂದ ಕೆವಿನ್ ಹಾಕ್‌ಮನ್ ಮೊದಲು ಮಾಡಿದ್ದು ಪಾಕಪಟ್ಟಿಯನ್ನು ಚಿಕ್ಕದು ಮಾಡುವ ಕೆಲಸ. ಅಡುಗೆಮನೆಯ ಹಂತಗಳನ್ನು ಕಡಿಮೆ ಮಾಡಿದರು, ಮೇಜು ತೆರವು ಮಾಡಿ ಒರೆಸುವ ಸಹಾಯಕರನ್ನು ಮತ್ತೆ ನೇಮಿಸಿದರು, ತಟ್ಟೆ ಒಯ್ಯುವ ರೋಬೋಟ್ ಪ್ರಯೋಗವನ್ನು ನಿಲ್ಲಿಸಿದರು. ಸುಮಾರು ಹನ್ನೊಂದು ಡಾಲರಿಗೆ ಪಾನೀಯ, ತಿನಿಸು, ಊಟ ಮೂರೂ ಸಿಗುವ ಕೊಡುಗೆಯನ್ನು, ಬರ್ಗರ್ ಅಂಗಡಿಗಳೇ ದುಬಾರಿಯಾಗಿದ್ದ ಹೊತ್ತಿನಲ್ಲಿ ಜನರ ಮುಂದಿಟ್ಟರು. 2024ರ ಕಡೆಯ ತ್ರೈಮಾಸಿಕದಲ್ಲಿ ಚಿಲೀಸ್‌ನ ಹಳೆಯ ಶಾಖೆಗಳ ಮಾರಾಟ ಹಿಂದಿನ ವರ್ಷಕ್ಕಿಂತ ಶೇಕಡ 31ರಷ್ಟು ಹೆಚ್ಚಾಯಿತು. ಟಿಕ್‌ಟಾಕಿನಲ್ಲಿ ಅವರ ಚೀಸ್ ಕಡ್ಡಿಗಳ ವಿಡಿಯೊಗಳು ಹರಿದಾಡಿದ್ದೂ ಒಂದು ಕಾರಣವೇ. ಆದರೆ ವಿಡಿಯೊ ನೋಡಿ ಬಂದ ಹುಡುಗರು ಎರಡನೆಯ ಸಲ ಬರಬೇಕಾದರೆ ಮೇಜು ಒರೆಸಿರಬೇಕು, ತಟ್ಟೆ ಬಿಸಿಯಿರಬೇಕು. ಹಳೆಯ ಸರಣಿಗಳು ಯುವಜನರಿಗೆ ಬೇಡವೇ ಬೇಡ ಎನ್ನುವವರು ಆ ಮೂರು ತಿಂಗಳ ಲೆಕ್ಕವನ್ನು ನೋಡಬೇಕು.

ಟೆಕ್ಸಸ್ ರೋಡ್‌ಹೌಸ್‌ನದು ಇನ್ನೂ ಗಟ್ಟಿಯಾದ ಉದಾಹರಣೆ. 1993ರಲ್ಲಿ ಇಂಡಿಯಾನಾದಲ್ಲಿ ಕೆಂಟ್ ಟೇಲರ್ ಆರಂಭಿಸಿದ ಈ ಸರಣಿಯಲ್ಲಿ ಪ್ರತಿ ಶಾಖೆಯ ಮುಖ್ಯಸ್ಥ 25,000 ಡಾಲರ್ ಠೇವಣಿ ಇಟ್ಟು ಪಾಲುದಾರನಂತೆ ಸೇರುತ್ತಾನೆ, ಸಂಬಳದ ಜೊತೆಗೆ ತನ್ನ ಶಾಖೆಯ ಲಾಭದಲ್ಲಿ ಶೇಕಡ 10ನ್ನು ಪಡೆಯುತ್ತಾನೆ. ನನ್ನ ಸಸ್ಯಾಹಾರಿ ಕುಟುಂಬಕ್ಕೆ ಅಲ್ಲಿ ತಿನ್ನಲು ಹೆಚ್ಚೇನಿಲ್ಲ, ಅದರ ಗದ್ದಲವೂ ಹಿರಿಯರಿಗೆ ಒಗ್ಗುವಂಥದ್ದಲ್ಲ. ಆದರೆ ಶನಿವಾರ ಸಂಜೆ ಅದರ ಬಾಗಿಲ ಮುಂದೆ ಅಜ್ಜಿ ತಾತಂದಿರು, ಮಕ್ಕಳು, ಮೊಮ್ಮಕ್ಕಳು ಸಾಲುಗಟ್ಟಿ ಕಾಯುವುದನ್ನು ನಾನು ನೋಡಿದ್ದೇನೆ. ಅಲ್ಲಿ ಯಾವ ಮೇಜಿಗೆ ಎಷ್ಟು ಜನ ಬೇಕೆಂದು ನಿರ್ಧರಿಸುವವನು ಆ ಸಭಾಂಗಣದಲ್ಲೇ ನಿಂತಿರುತ್ತಾನೆ, ಮತ್ತು ಮೇಜು ತುಂಬಿದರೆ ಅವನ ಕೈಗೂ ಹಣ ಬರುತ್ತದೆ.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ನಾನು 2025ರ ನವೆಂಬರಿನ ಡೆನ್ನೀಸ್ ಸುದ್ದಿಯನ್ನು ಓದಿದೆ. 1953ರಲ್ಲಿ ಕ್ಯಾಲಿಫೋರ್ನಿಯಾದ ಲೇಕ್‌ವುಡ್‌ನಲ್ಲಿ ಡೋನಟ್ ಅಂಗಡಿಯಾಗಿ ಆರಂಭವಾಗಿ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವುದಕ್ಕೆ ಹೆಸರಾದ ಈ ಸರಣಿ, 150 ಶಾಖೆಗಳನ್ನು ಮುಚ್ಚುವುದಾಗಿ ಹಿಂದಿನ ವರ್ಷವೇ ಹೇಳಿತ್ತು. ಆ ನವೆಂಬರಿನಲ್ಲಿ ಸಾಲವೂ ಸೇರಿ ಸುಮಾರು 62 ಕೋಟಿ ಡಾಲರಿಗೆ ಮಾರಾಟವಾಗುವ ಒಪ್ಪಂದವಾಯಿತು. ಕೊಳ್ಳಲು ಒಪ್ಪಿದವರಲ್ಲಿ ಇಬ್ಬರು ಹೂಡಿಕೆದಾರರು. ಮೂರನೆಯವರಾದ ಯಾದವ್ ಎಂಟರ್‌ಪ್ರೈಸಸ್ ಡೆನ್ನೀಸ್ ಶಾಖೆಗಳನ್ನು ತಾವೇ ನಡೆಸುತ್ತಾ ಬಂದವರು, ಆ ಸರಣಿಯ ಅತಿ ದೊಡ್ಡ ಫ್ರಾಂಚೈಸಿಗಳಲ್ಲಿ ಒಬ್ಬರು. ಹೂಡಿಕೆದಾರರ ಲೆಕ್ಕ ಹೇಗಿರುತ್ತದೆಂಬುದನ್ನು ರೆಡ್ ಲಾಬ್‌ಸ್ಟರ್ ತೋರಿಸಿದೆ. ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಂದವರೊಬ್ಬರು ಆ ಲೆಕ್ಕದ ಮೇಜಿನಲ್ಲಿ ಕೂತಾಗ, ಬೆಳಗಿನ ಸರದಿಗೆ ಇನ್ನೊಬ್ಬ ಬಡಿಸುವವರು ಬೇಕೆಂಬ ಮಾತು ಅಲ್ಲಿ ಎಷ್ಟು ಕಾಲ ಉಳಿಯುತ್ತದೆಂಬುದನ್ನು ನಾನು ಆಸಕ್ತಿಯಿಂದ ಗಮನಿಸುತ್ತಿದ್ದೇನೆ.